ದೋಣಿ ಹಾಡಿನ ಬಳೆ

ಬೀದಿ ಕಣ್ಣು ಬಿಡುವ ಮೊದಲೇ ಅವರು ಅಳಲು ಶುರು ಮಾಡುತ್ತಾರೆ. ವಾಹನಗಳ ಗದ್ದಲಕ್ಕೆ ಮುಂಚೆ ಮುಗಿಸಬೇಕು, ಡಬ್ಬಿಂಗ್ ಸ್ಟುಡಿಯೋದ ಗೋಡೆ ಅಷ್ಟು ತೆಳು. ಪರದೆಯ ಮೇಲೆ ಗಂಡನನ್ನು ಕಳೆದುಕೊಂಡ ನಾಯಕಿ ಬಾಯಿ ತೆರೆಯುತ್ತಾಳೆ, ಮೈಕಿನ ಮುಂದೆ ಈ ಅಜ್ಜಿ ಬಿಕ್ಕುತ್ತಾರೆ. ಸದ್ದಾಗುತ್ತದೆಂದು ಫ್ಯಾನ್ ಹಾಕುವಂತಿಲ್ಲ. ಸೆರಗಿನಲ್ಲಿ ಬೆವರು ಒರೆಸಿಕೊಂಡು ಗೊಣಗುತ್ತಾರೆ: "ಇವಳಿಗೆ ಅಳೋಕೂ ಬರಲ್ಲ, ಬಾಯಿ ಮುಚ್ಚೋಕೂ ಬರಲ್ಲ. ನಾನೇನ್ ಮಾಡ್ಲಿ?"

ಸ್ಟುಡಿಯೋದಲ್ಲಿ ಎಲ್ಲರಿಗೂ ಅವರು 'ಅಳೋ ಅಮ್ಮ'. ಒಂದು ಕಾಲಕ್ಕೆ ನಾಯಕಿಯಾಗಿದ್ದವರು, ತಮ್ಮ ಹಾಡನ್ನು ತಾವೇ ಹಾಡುತ್ತಿದ್ದವರು ಎಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಆ ಕಾಲದ ಒಂದು ದೋಣಿ ಹಾಡು ಈಗಲೂ ರೇಡಿಯೋದಲ್ಲಿ ಬರುತ್ತದೆ. ಪ್ರತಿ ಸಲವೂ ನಿರೂಪಕ ಬೇರೊಬ್ಬ ಹೆಸರಾಂತ ಗಾಯಕಿಯ ಹೆಸರು ಹೇಳುತ್ತಾನೆ. ಪ್ರತಿ ಸಲವೂ ಇವರು ಫೋನ್ ಮಾಡುತ್ತಾರೆ.

"ಹಾಡಿದ್ದು ನಾನು ಕಣಪ್ಪಾ ಅಂದ್ರೆ, 'ಆಯ್ತಜ್ಜಿ, ನಿಮ್ಮ ಮೆಚ್ಚಿನ ಹಾಡು ಯಾವ್ದು' ಅಂತಾನೆ. ತಲೆ ಚಚ್ಕೋಬೇಕು."

"ಹೋಗ್ಲಿ ಬಿಡಮ್ಮ, ಯಾರಿಗೆ ಬೇಕದು" ಎಂದು ಮಗಳು ರೇಗುತ್ತಾಳೆ. ಬಿಡುವ ಜೀವವಲ್ಲ ಅದು. ಅವರ ಬಳಿ ಇರುವ ಒಂದೇ ಸಾಕ್ಷಿ ಆ ಹಾಡಿನ ಎರಡನೇ ಚರಣದಲ್ಲಿದೆ. ಅಂದು ಶೂಟಿಂಗ್ ನಡುವೆಯೇ ಹಾಡಲು ಓಡಿ ಬಂದಿದ್ದರು, ವೇಷ ಕಳಚಲು ಪುರಸೊತ್ತಿರಲಿಲ್ಲ. ಬಿಗಿಯಾದ ಗಾಜಿನ ಬಳೆಗಳು ಕೈಯಿಂದ ಇಳಿಯದೆ, ಮೇಲೊಂದು ಕರವಸ್ತ್ರ ಸುತ್ತಿಕೊಂಡೇ ಹಾಡಿದರು. ಸ್ವರ ಮೇಲೇರಿದಾಗ ಕೈಯೂ ಏರಿತು, ಬಳೆ ಘಲ್ಲೆಂದಿತು.

"ರೆಕಾರ್ಡ್ ಮಾಡೋರು ನನ್ನ ಜನ್ಮ ಜಾಲಾಡಿದ್ರು. ಇನ್ನೊಂದ್ಸಲ ಹಾಡೋಣ ಅಂದ್ರೆ ಸೆಟ್ಟಿಂದ ಕರೆ ಬಂತು. ಹಾಗೇ ಉಳೀತು." ಅಂದು ಬೈಗುಳ ತಂದ ಬಳೆಯನ್ನೇ ಇಂದು ಬಂದವರಿಗೆಲ್ಲ ಕೇಳಿಸುತ್ತಾರೆ. ಆ ಹೆಸರಾಂತ ಗಾಯಕಿ ಮಹಾ ಶಿಸ್ತಿನವರು, ಬಳೆ ತೊಟ್ಟು ಮೈಕಿನ ಮುಂದೆ ನಿಂತವರೇ ಅಲ್ಲ.

ಈಗ ಆ ಹಾಡು ಹೊಸದಾಗಿ ಬಿಡುಗಡೆಯಾಗಲಿದೆ. ಹಳೆಯ ಧ್ವನಿಮುದ್ರಣವನ್ನು ಶುಚಿಗೊಳಿಸುವ ಕೆಲಸ ಇದೇ ಸ್ಟುಡಿಯೋಗೆ ಬಂದಿದೆ. ಇಂದಿನ ಅಳು ಮುಗಿದ ಮೇಲೆ ಎಂಜಿನಿಯರ್ ಹೆಮ್ಮೆಯಿಂದ ಹಾಡು ಕೇಳಿಸುತ್ತಾನೆ. ಎರಡನೇ ಚರಣ ಬರುತ್ತದೆ, ಸ್ವರ ಏರುತ್ತದೆ. ಬಳೆ ಇಲ್ಲ.

"ಮಧ್ಯದಲ್ಲಿ ಏನೋ ಗಲ್ ಅಂತಿತ್ತಮ್ಮ, ಒರೆಸಿ ಹಾಕ್ದೆ."

ಅವರಿಗೆ ಸಿಟ್ಟು ನೆತ್ತಿಗೇರುತ್ತದೆ. ಬೆಳಗಿನಿಂದ ಕಂಡವರ ದುಃಖಕ್ಕೆ ಬಿಕ್ಕಿದವರ ಕಣ್ಣಲ್ಲಿ ಈಗ ನಿಜವಾಗಿಯೇ ನೀರು. ದನಿ ಮಾತ್ರ ಏರುವುದಿಲ್ಲ.

"ಅದನ್ನ ವಾಪಸ್ ಹಾಕಪ್ಪಾ. ಹಾಡು ಬೇಕಾದ್ರೆ ಅವ್ರದೇ ಅಂದ್ಕೊಳ್ಳಿ. ಬಳೆ ನಂದು."