ಏಳು ಸೀಟಿನ ಗಾಡಿ, ಒಂಬತ್ತು ಜನ

ರಾಮನಗರಕ್ಕೆ ಹೋದ ಮಾರನೆಯ ಬೆಳಗ್ಗೆ ಹಾಲು ತರಲು ಹೊರಟವಳು ಒಂದು ಶೆಡ್ಡಿನ ಮುಂದೆ ನಿಂತುಬಿಟ್ಟೆ. ಬಾಗಿಲು ತೆರೆದಿತ್ತು, ಒಳಗೆಲ್ಲ ಆವಿ. ಕುದಿಯುವ ನೀರಿನಲ್ಲಿ ರೇಷ್ಮೆಗೂಡುಗಳು ಕುಣಿಯುತ್ತಿದ್ದವು. ಒಬ್ಬ ಹೆಂಗಸು ಬರಿಗೈಯನ್ನು ಆ ನೀರಿಗೆ ಅದ್ದಿ ಎಳೆ ಹುಡುಕಿ ತೆಗೆಯುತ್ತಿದ್ದಳು. ಪಕ್ಕದ ಪುಟ್ಟಿಯಲ್ಲಿ, ನೂಲು ಬಿಚ್ಚಿ ಮುಗಿದ ಮೇಲೆ ಉಳಿದ ಸತ್ತ ಹುಳುಗಳು ಕಪ್ಪಗೆ ರಾಶಿ ಬಿದ್ದಿದ್ದವು. ಮೂಗಿಗೆ ಸೆರಗು ಒತ್ತಿಕೊಂಡೆ.

ರಕ್ಷಿತಾ, ಚಂದನ್, ನಿಮ್ಮ ಅಪ್ಪ ಈ ಹುಳುಗಳನ್ನು ಹೇಗೆ ಸಾಕುತ್ತಾನೆ ಅಂತ ನಿಮಗೆ ಗೊತ್ತು. ಹುಳು ಸೊಪ್ಪು ತಿನ್ನದೆ ತಲೆಯೆತ್ತಿ ಮಲಗಿದರೆ ಜ್ವರ ಬಂತು ಅನ್ನುತ್ತೇವೆ, ಮಗುವಿಗೆ ಬಂದ ಹಾಗೆ. ಹುಳುಮನೆಗೆ ಚಪ್ಪಲಿ ಹಾಕಿಕೊಂಡು ಹೋಗುವ ಹಾಗಿಲ್ಲ, ಪೌಡರ್ ಬಳಿದುಕೊಂಡು ಹೋಗುವ ಹಾಗಿಲ್ಲ. ನಾನು ಮದುವೆಯಾಗಿ ಬಂದಂದಿನಿಂದ ಅವಕ್ಕೆ ಸೊಪ್ಪು ಹಾಕಿದವಳು. ಗೂಡು ಬಿಡಿಸಿ ಚೀಲ ತುಂಬಿ ಮಾರುಕಟ್ಟೆಗೆ ಕಳಿಸಿದರೆ ನಮ್ಮ ಕೆಲಸ ಮುಗಿಯಿತು. ಆಮೇಲೆ ಅವುಗಳ ಗತಿ ಏನು ಅಂತ ಒಂದು ದಿನವೂ ಕೇಳಿರಲಿಲ್ಲ. ಅವತ್ತು ಹಾಲು ತರದೆ ವಾಪಸ್ ಬಂದೆ.

ಹಿಂದೊಂದು ಸಲ ನಾನು ಊರಿಗೆ ಬಂದಿದ್ದಾಗ ಚಂದನ್ ನನ್ನನ್ನು ಕೇಳಿದ್ದ: "ಅಜ್ಜಿ, ನೀನು ನಮ್ಮಜ್ಜಿನಾ, ರಾಮನಗರದೋರ ಅಜ್ಜಿನಾ?" ನಾನು ನೀರು ಕುಡಿಯುವ ನೆಪ ಮಾಡಿ ಎದ್ದು ಹೋದೆ. ಎದುರಿಗೆ ನಿಂತು ಮಾತಾಡುವುದು ನನಗೆ ಮೊದಲಿನಿಂದಲೂ ಬರುವುದಿಲ್ಲ. ನಮ್ಮೂರ ಶಾಲೆಯಲ್ಲಿ ಕಲಿತ ನಾಲ್ಕಕ್ಷರ ಇದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಮಗಳಿಗೆ, ನಿಮ್ಮ ಶೋಭಾ ಅತ್ತೆಗೆ, ಮೂರನೇ ಮಗು ಹುಟ್ಟಿತು. ಅವಳ ಗಂಡನ ತಾಯಿ ನಿಂಗಮ್ಮನವರಿಗೆ ಮಂಡಿ ಆಪರೇಷನ್ ಆಯಿತು. ಮನೆಯಲ್ಲಿ ಆಗಲೇ ಅವಳಿ ಹುಡುಗರು. ಮೂರು ತಿಂಗಳು ಇದ್ದು ಬರುತ್ತೇನೆ ಅಂತ ಬಟ್ಟೆ ಗಂಟು ಕಟ್ಟಿಕೊಂಡು ಮಾಗಡಿಯಲ್ಲಿ ಬಸ್ಸು ಬದಲಾಯಿಸಿ ಹೋದೆ. ಆ ಚಿಕ್ಕವನು ಈಗ ಓಡಾಡುತ್ತಾನೆ. ಹೋದ ಭಾನುವಾರದವರೆಗೂ ನಾನು ಅಲ್ಲೇ ಇದ್ದೆ.

ಊರಲ್ಲಿ ಬಾಗಿಲು ಅಂದರೆ ತೆರೆದಿರುವುದು. ಅಲ್ಲಿ ಬಾಗಿಲು ಅಂದರೆ ಮುಚ್ಚಿರುವುದು. ಊರಲ್ಲಿ ನಾನು ಇಂಥವರ ಹೆಂಡತಿ, ಇಂಥವರ ತಾಯಿ ಅಂತ ನಾಯಿಗೂ ಗೊತ್ತು. ಅಲ್ಲಿ ಮೊದಲ ಆರು ತಿಂಗಳು ನಾನು "ಮೇಲಿನ ಮನೆ ಅಮ್ಮ". ಆ ಬೀದಿಯಲ್ಲಿ ನೂಲು ಬಿಚ್ಚುವ ಮುಸಲ್ಮಾನರ ಮನೆಗಳೇ ಹೆಚ್ಚು. ಅವರು ಅವರವರಲ್ಲಿ ಉರ್ದು ಮಾತಾಡುವಾಗ ನನ್ನನ್ನೇ ಬೈಯುತ್ತಿದ್ದಾರೇನೋ ಅನ್ನಿಸುತ್ತಿತ್ತು. ಕೆಳಗಿನ ಮನೆಯ ಮಕ್ಕಳು ನನ್ನನ್ನು "ಖಾಲಾ" ಅಂದಾಗ ಹೆದರಿ ಒಳಗೆ ಹೋಗಿದ್ದೆ. ಖಾಲಾ ಅಂದರೆ ತಾಯಿಯ ತಂಗಿಯಂತೆ, ನಮ್ಮಲ್ಲಿ ಚಿಕ್ಕವ್ವ ಅಂದ ಹಾಗೆ. ಗೊತ್ತಾದ ಮೇಲೆ ಆ ಮಕ್ಕಳಿಗೆ ಚಕ್ಕುಲಿ ಕೊಟ್ಟೆ. ದೊಡ್ಡ ರಸ್ತೆ ಒಬ್ಬಳೇ ದಾಟಿ ಸೊಪ್ಪು ತಂದ ದಿನ ಯಾರಿಗೂ ಹೇಳದೆ ಒಳಗೊಳಗೇ ಖುಷಿಪಟ್ಟೆ.

ಆದರೆ ಊಟದ ವಿಷಯ ಮಾತ್ರ ಸರಿಹೋಗಲಿಲ್ಲ. ಮಗಳ ಮನೆಯಲ್ಲಿ ಎರಡನೇ ಸಲ ಸಾರು ಹಾಕಿಸಿಕೊಳ್ಳಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ. ಕೊಟ್ಟ ಮನೆಯಲ್ಲಿ ಹೆತ್ತವರು ಕೂತು ತಿನ್ನಬಾರದು ಅಂತ ನಮ್ಮವ್ವ ಹೇಳಿ ಬೆಳೆಸಿದ್ದು. ಬೀಗಿತ್ತಿ ನಿಂಗಮ್ಮನವರು ಬಾಯಿ ಜೋರು, ಮನಸ್ಸು ಕೆಟ್ಟದ್ದಲ್ಲ. "ಬೀಗ್ತೀ, ಹಕ್ಕಿ ತಿಂದಂಗೆ ತಿಂದ್ರೆ ನಾಳೆ ನಿಮ್ಮೂರೋರು ನಮ್ಮನ್ನ ಆಡ್ಕೊಳ್ತಾರೆ, ಒಸಿ ಮುದ್ದೆ ಹಾಕಿಸ್ಕೊಳ್ಳಿ," ಅನ್ನುತ್ತಾರೆ. ನಾನು "ಸಾಕು ಕಣಕ್ಕ" ಅನ್ನುತ್ತೇನೆ. ಯಾರು ಏನು ಕೇಳಿದರೂ ನನ್ನ ಬಾಯಿಗೆ ಬರುವುದು ಎರಡೇ ಮಾತು: ಸಾಕು, ಚೆನ್ನಾಗೈತೆ.

ಶೋಭಾಳ ಗಂಡ ರಮೇಶ ಮಾವನ ಹಳೆಯ ಕಾರಿನಲ್ಲಿ ಐದೇ ಜನಕ್ಕೆ ಜಾಗ. ಊರಿಗೆ ಬರುವಾಗ ಹೆಚ್ಚಾಗಿ ನಾನು ಬಸ್ಸಿಗೆ ಹೋಗುತ್ತೇನೆ ಅನ್ನುವುದು, ಬೇಡ ಅಂತ ಅವರು, ಕೊನೆಗೆ ನೆಗಡಿ ಅಂತ ಹೇಳಿ ನಾನು ಉಳಿದುಬಿಡುವುದು. ಹೋದ ಗೌರಿ ಹಬ್ಬಕ್ಕೂ ಹಾಗೇ ಮಾಡಿದೆ. ನೀವಿಬ್ಬರೂ ಬೇವಿನ ಮರದ ಹತ್ತಿರ ಕಾಯುತ್ತಿದ್ದಿರಂತೆ. ಶೋಭಾ ವಾಪಸ್ ಬಂದವಳು ಬಾಗಿಲಲ್ಲೇ ಅತ್ತಳು. "ನಿನ್ನ ಇಲ್ಲಿ ತಂದು ಕೂಡಾಕ್ಕೊಂಡಂಗಾಯ್ತಲ್ಲವ್ವ. ಆ ಮಕ್ಕಳು ನನ್ನ ಮುಖ ನೋಡೋದ್ ಬುಟ್ಟು ಕಾರೊಳಗೆ ಹುಡುಕ್ತಿದ್ರು."

ಆಗ ರಮೇಶ ಹೇಳಿದ, "ಅತ್ತೆ, ಮೂರು ಸಾಲಿನ ಗಾಡಿ ನೋಡೋಣ. ಸೆಕೆಂಡ್ ಹ್ಯಾಂಡೇ ಆಗ್ಲಿ. ಎಲ್ಲಾರೂ ಒಟ್ಟಿಗೆ ಹೋಗ್ಬೋದು."

ಎಲ್ಲಾರೂ ಅಂದ ಕೂಡಲೇ ನನ್ನ ಮನಸ್ಸಿನಲ್ಲಿ ನೀವೂ ಸೇರಿಬಿಟ್ಟಿರಿ. ಅವತ್ತೇ ಫೋನಿನಲ್ಲಿ ನಿಮಗೆ ಹೇಳಿದೆ: "ದೊಡ್ಡ ಗಾಡಿ ಬತ್ತೈತೆ. ಬೇಸಿಗೆ ರಜಕ್ಕೆ ನಿಮ್ಮಿಬ್ರನ್ನೂ ಕೂರಿಸ್ಕೊಂಡು ರಾಮನಗರಕ್ಕೆ ಕರ್ಕೊಂಡ್ ಬತ್ತೀನಿ." ನಾನು ಎಣಿಸಲಿಲ್ಲ ಮಕ್ಕಳೇ. ನಾನು ಬೆಳೆದದ್ದು ಎತ್ತಿನ ಗಾಡಿಯಲ್ಲಿ. ಅದಕ್ಕೆ ಸೀಟು ಎಲ್ಲಿತ್ತು? ಹುಲ್ಲು ಹಾಸಿದರೆ ಜಾಗ, ಒಬ್ಬರು ಕಾಲು ಮಡಿಸಿದರೆ ಇನ್ನೊಬ್ಬರಿಗೆ ಜಾಗ. ದೊಡ್ಡ ಗಾಡಿ ಅಂದರೆ ಎಷ್ಟು ಜನ ಬಂದರೂ ಹಿಡಿಯುತ್ತದೆ ಅಂದುಕೊಂಡೆ.

ಗಾಡಿ ನೋಡಲು ಚನ್ನಪಟ್ಟಣಕ್ಕೆ ಹೋದೆವು. ಮಾರುವವರು ಬೊಂಬೆ ವ್ಯಾಪಾರದ ಸಾಬರು. ಅಂಗಳದಲ್ಲಿ ಅರಗಿನ ಬಣ್ಣದ ವಾಸನೆ, ಮೂಲೆಯಲ್ಲಿ ತಲೆಯಿಲ್ಲದ ಮರದ ಕುದುರೆಗಳ ಸಾಲು. ಹೆಣ್ಣುಮಕ್ಕಳೆಲ್ಲ ಮದುವೆಯಾಗಿ ಹೋದರಂತೆ, ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಬಿಳಿ ಗಾಡಿ, ಎತ್ತರಕ್ಕೆ, ಜೀಪಿನ ಥರ ಮೂತಿ. ಹಿಂದಿನ ಬಾಗಿಲ ಹತ್ತಿರ ಒಂದು ಗೀರು.

ರಮೇಶ ಬಾನೆಟ್ ಎತ್ತಿಸಿದ, ಟೈರಿನ ಹಲ್ಲಿಗೆ ಬೆರಳಿಟ್ಟು ನೋಡಿದ, ಇಂಜಿನ್ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಿ ಕಿವಿಗೊಟ್ಟು ನಿಂತ. ಮೂರನೇ ಸಾಲಿಗೆ ಎಸಿ ಗಾಳಿ ಬರುತ್ತದಾ ಅಂತ ಅವಳಿಗಳನ್ನು ಹತ್ತಿಸಿ ಕೇಳಿದ. "ಬತ್ತೈತಪ್ಪ, ಒಸಿ ಒಸಿ," ಅಂದರು. ಸಾಬರು ಏನೂ ಮುಚ್ಚಿಡಲಿಲ್ಲ. "ಕ್ಲಚ್ ಹೋದ ವರ್ಷ ಹೊಸದು ಹಾಕಿಸಿದ್ದೀನಿ. ಗೀರು ನನ್ನ ಅಳಿಯನ ಕೈಚಳಕ, ಅವನಿಗೆ ಹೇಳಬೇಡಿ. ಒಂದು ಮಾತು ಸಾರ್, ಹಿಂದಿನ ಸಾಲು ಎತ್ತಿ ನಿಲ್ಲಿಸಿದರೆ ಡಿಕ್ಕಿಯಲ್ಲಿ ಎರಡು ಬ್ಯಾಗಿಗೂ ಜಾಗ ಕಷ್ಟ."

ಆಮೇಲೆ ಯಾರು ಎಲ್ಲಿ ಅಂತ ಕೂತು ನೋಡಬೇಕಾಯಿತು. ನಿಂಗಮ್ಮನವರ ಮಂಡಿಗೆ ಮುಂದಿನ ಸೀಟು. ಮಧ್ಯದ ಸೀಟು ಮಡಿಸಿ ದಾರಿ ಮಾಡಿದ್ದೇ ತಡ, ಯಾರೂ ಹೇಳುವ ಮೊದಲೇ ನಾನು ಸೀರೆ ಎತ್ತಿಕಟ್ಟಿ ಹಿಂದಕ್ಕೆ ನುಗ್ಗಿದೆ. ಹೆಣ್ಣು ಕೊಟ್ಟವಳು ಬೀಗಿತ್ತಿಯ ಹಿಂದೆ ಕೂರುವುದೇ ಸರಿ ಅಂತ ನನ್ನ ಲೆಕ್ಕ. ಕೂತೆ ಅನ್ನುವುದಕ್ಕಿಂತ ಸಿಕ್ಕಿಕೊಂಡೆ. ಮಂಡಿ ಗದ್ದಕ್ಕೆ ತಾಗುತ್ತಿತ್ತು. ಪಾದ ಇಡಲು ಜಾಗವಿಲ್ಲದೆ ಒಂದರ ಮೇಲೊಂದು ಇಟ್ಟುಕೊಂಡೆ.

"ಹೆಂಗೈತವ್ವ?" ಶೋಭಾ ಕೇಳಿದಳು.

"ಚೆನ್ನಾಗೈತೆ."

"ಕಾಲು?"

"ಆರಾಮಾಗೈತೆ ಕಣೆ. ಉಯ್ಯಾಲೆ ಇದ್ದಂಗೈತೆ."

ಶೋಭಾ ಗಂಡನ ಕಡೆ ತಿರುಗಿ ನಕ್ಕಳು. "ಹಂಗಾದ್ರೆ ಇದೇ ಆಗ್ಲಿ ರೀ." ಆ ನಗು ನೋಡಿ ನನಗೆ ಸಮಾಧಾನವಾಯಿತು. ಬಾಗಿಲ ಹತ್ತಿರ ನಿಂತಿದ್ದ ಸಾಬರ ಹೆಂಡತಿ ಮಾತ್ರ ನಗಲಿಲ್ಲ. ನನಗಿಂತ ಒಂದೆರಡು ವರ್ಷ ದೊಡ್ಡವರಿರಬೇಕು.

"ತಡಿಯಮ್ಮಾ," ಅಂತ ಶೋಭಾಗೆ ಹೇಳಿದರು. "ಅವರನ್ನ ಇಳಿಸಬೇಡಿ. ನಾನು ಟೀ ಮಾಡಿ ತರ್ತೀನಿ, ಅಲ್ಲೇ ಕೂತು ಕುಡೀಲಿ."

ಸಾಬರಿಗೆ ಸಿಟ್ಟು. "ಅರೆ, ಗಿರಾಕಿ ಒಪ್ಪಿದ ಮೇಲೆ ನಿಂದೇನು?"

"ನಿಮ್ಮ ಅಮ್ಮಿ ಆ ಸೀಟಲ್ಲಿ ಎಷ್ಟು ವರ್ಷ ಕೂತಿದ್ರು? ಒಂದು ದಿನ ನೋವು ಅಂದ್ರಾ? ರಾತ್ರಿ ಕಾಲು ಒತ್ತಿದವಳು ನಾನು, ನೀವಲ್ಲ."

ಸಾಬರು ಟೋಪಿ ಸರಿಮಾಡಿಕೊಂಡು ಮರದ ಕುದುರೆಗಳ ಕಡೆ ನೋಡಿದರು.

ಟೀ ಬಂತು. ಬಿಸಿಯಾಗಿತ್ತು, ಏಲಕ್ಕಿ ಹಾಕಿದ್ದರು. ಅರ್ಧ ಕುಡಿಯುವಷ್ಟರಲ್ಲಿ ನನ್ನ ಎಡಗಾಲು ನನ್ನದೇ ಅಲ್ಲ ಅನ್ನಿಸತೊಡಗಿತು. ಮುಗಿಸಿದ ಮೇಲೆ ಅವರು, "ಈಗ ಇಳೀರಿ ಅಕ್ಕಾ," ಅಂದರು. ಎದ್ದರೆ ತಲೆ ಮೇಲೆ ತಗುಲುತ್ತದೆ, ಕೂತರೆ ಕಾಲು ಬರುವುದಿಲ್ಲ. ಕೊನೆಗೆ ಅಳಿಯ ಒಂದು ಕಡೆ, ಆ ಪುಣ್ಯಾತ್ಗಿತ್ತಿ ಒಂದು ಕಡೆ ಹಿಡಿದು ನನ್ನನ್ನು ಮೂಟೆಯಂತೆ ಇಳಿಸಿದರು. ಅಳಿಯನ ಕೈ ಹಿಡಿದು ಇಳಿಯುವಾಗ ಭೂಮಿಯೊಳಗೆ ಹೋಗೋಣ ಅನ್ನಿಸಿತು.

ನಿಂಗಮ್ಮನವರು ಮುಂದಿನ ಸೀಟಿನಿಂದಲೇ ಕೂಗಿದರು: "ಏನ್ ಬೀಗ್ತೀ, ಉಯ್ಯಾಲೆ ಹಗ್ಗ ಕಿತ್ಕೊಂಡು ಹೋಯ್ತಾ?"

ಎಲ್ಲರೂ ನಕ್ಕರು. ಶೋಭಾ ನಗಲಿಲ್ಲ. "ನಿಂಗೆ ನಾವು ಯಾರವ್ವ? ನೋವಾಯ್ತು ಅಂತ ಹೇಳೋಕೂ ಆಗ್ದಿರೋಷ್ಟು ಹೊರಗಿನೋರಾ?" ಅಂದಳು. ನಾನು ಅವಳಿಗೆ ಭಾರವಾಗಬಾರದು ಅಂತ ಆಡಿದ ಮಾತು ಅವಳ ಮೇಲೇ ಬಿದ್ದಿತ್ತು.

ರಮೇಶ ನಿಧಾನಸ್ಥ. ಹೊಸದಾಗಿ ಜಾಗ ಹಂಚಿದ. ಮುಂದೆ ಅವನು, ಅವನಮ್ಮ. ಮಧ್ಯದಲ್ಲಿ ಶೋಭಾ, ಚಿಕ್ಕವನು, ಕಿಟಕಿ ಪಕ್ಕ ನಾನು. ಹಿಂದೆ ಅವಳಿಗಳು. ಮಧ್ಯದ ಸೀಟಿನಲ್ಲಿ ಕಾಲು ಚಾಚಿ ಕೂತು ಚನ್ನಪಟ್ಟಣದ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದೆವು. ನಿಜ ಹೇಳಬೇಕೆಂದರೆ, ಬಹಳ ಸುಖವಾಗಿತ್ತು. ಗಾಡಿ ಹಳ್ಳಕ್ಕೆ ಇಳಿದರೂ ಸೊಂಟಕ್ಕೆ ಗೊತ್ತಾಗುತ್ತಿರಲಿಲ್ಲ. ವಾಪಸ್ ಬರುವಾಗ ಸುಮ್ಮನೆ ತಲೆಗಳನ್ನು ಎಣಿಸಿದೆ. ಏಳು. ಸೀಟೂ ಏಳು. ಆಗ ನಿಮ್ಮಿಬ್ಬರ ನೆನಪು ಬಂತು.

ಗಾಡಿ ಕೊಂಡರು. ರಮೇಶನ ಗಾಡಿಯಲ್ಲಿ ಬೆಲ್ಟು ಹಾಕದೆ ಒಬ್ಬರೂ ಕೂರುವ ಹಾಗಿಲ್ಲ, ಹಿಂದಿನ ಸಾಲಿನವರಿಗೂ ಅದೇ ಕಟ್ಟಳೆ. ಮೂರು ಜನರ ಜಾಗಕ್ಕೆ ಐದು ಜನರನ್ನು ತುಂಬುವ ಮಾತನ್ನು ಅವನ ಹತ್ತಿರ ಎತ್ತಲು ನನಗೆ ಧೈರ್ಯ ಬರಲಿಲ್ಲ. ನಿಮಗೆ ಫೋನ್ ಮಾಡಿ ಬರಬೇಡಿ ಅನ್ನಲೂ ಬಾಯಿ ಬರಲಿಲ್ಲ. ರಕ್ಷಿತಾ ಫೋನಿನಲ್ಲಿ, "ಅಜ್ಜಿ, ಯಾವ ಬ್ಯಾಗ್ ತರ್ಲಿ?" ಅಂದಾಗಲೂ, "ಯಾವ್ದಾದ್ರೂ ತಗೊಳವ್ವ," ಅಂದೆ.

ಹೋದ ಭಾನುವಾರ ಹೊರಟೆವು. ಕೂಟಗಲ್ ಕಡೆಯ ಹೊಲಗಳು ಬಂದವು, ಬಂಡೆಗಳು ಹಿಂದಾದವು, ತೆಂಗಿನ ತೋಟಗಳು ಶುರುವಾದವು. ಅವಳಿಗಳು ಹಾಡುತ್ತಿದ್ದರು. ನಾನು ಕಿಟಕಿಗೆ ಮುಖ ಮಾಡಿ, ಊರು ಇನ್ನೂ ಒಸಿ ದೂರ ಇರಲಿ ಅಂತ ಬೇಡಿಕೊಳ್ಳುತ್ತಿದ್ದೆ. ನನ್ನ ಊರಿಗೆ ಹೋಗುವಾಗ ಹಾಗೆ ಬೇಡಿಕೊಂಡದ್ದು ಅದೇ ಮೊದಲು.

ನೀವು ಬಾಗಿಲಲ್ಲೇ ಇದ್ದಿರಿ. ಇಬ್ಬರ ಬೆನ್ನಿಗೂ ಬ್ಯಾಗು, ತಲೆಗೆ ಎಣ್ಣೆ ಹಾಕಿ ಬಾಚಿದ್ದಿರಿ. ಊಟವಾಯಿತು. ಹೊರಡುವ ಹೊತ್ತಿಗೆ ಚಂದನ್ ಗಾಡಿಯ ಬಾಗಿಲು ತೆಗೆದು ಒಳಗೆ ಇಣುಕಿ, ಒಂದೊಂದೇ ಸೀಟನ್ನು ಬೆರಳಿನಲ್ಲಿ ಎಣಿಸಿ, "ಅಜ್ಜಿ, ನಾವೆಲ್ಲಿ?" ಅಂದ. ನಿಮ್ಮಪ್ಪ ಕುಮಾರ ಗದರಿದ: "ಬಾರ್ಲಾ ಈಚೆಗೆ, ಜಾಗ ಇಲ್ಲ ಅಂತ ಕಾಣಲ್ವಾ? ಇನ್ನೊಂದ್ ಸಲ ಹೋಗೀಯಂತೆ." ರಕ್ಷಿತಾ ಬ್ಯಾಗ್ ಕೆಳಗಿಟ್ಟಳು.

ಅವಳು ನನ್ನದೇ ಮೊಮ್ಮಗಳು ಅಂತ ಆಗ ಗೊತ್ತಾಯಿತು. ಅವಳೂ ಸಾಕು, ಚೆನ್ನಾಗೈತೆ ಅನ್ನುವವಳೇ ಆಗುತ್ತಾಳೆ, ನಾನು ಸುಮ್ಮನಿದ್ದರೆ.

"ಕೂತ್ಕೊಳ್ಳಿ ಇಬ್ರೂ," ಅಂದೆ. ನನ್ನ ದನಿ ನನಗೇ ಜೋರಾಗಿ ಕೇಳಿತು. "ನಾನು ಇಲ್ಲೇ ಇರ್ತೀನಿ. ನನ್ನ ಸೀಟಲ್ಲಿ ರಕ್ಷಿತಾ. ಚಿಕ್ಕವನನ್ನ ಶೋಭಾ ತೊಡೆ ಮೇಲೆ ಕೂರಿಸ್ಕೊಳ್ಲಿ, ಅವನ ಸೀಟಲ್ಲಿ ಚಂದನ್."

"ತೊಡೆ ಮೇಲಾ?" ರಮೇಶ ಬೆಲ್ಟಿನ ಮಾತು ಶುರುಮಾಡಿದ. ನಿಂಗಮ್ಮನವರು ಅವನ ಬಾಯಿ ಮುಚ್ಚಿಸಿದರು. "ನಿಧಾನಕ್ಕೆ ಓಡಿಸ್ಲಾ. ಎತ್ತಿನ ಗಾಡಿ ಹೊಡೆದಂಗೆ ಹೊಡಿ. ಬೀಗ್ತಿ ಇವತ್ತು ಬಾಯಿ ಬಿಟ್ಟವ್ರೆ, ಆ ಮಾತು ನಡೀಲಿ."

ಶೋಭಾ ನನ್ನ ಕೈ ಹಿಡಿದುಕೊಂಡಳು. "ಚಿಕ್ಕೋನು ರಾತ್ರಿ ನಿನ್ನ ಪಕ್ಕ ಬುಟ್ಟು ಮಲಗಲ್ಲವ್ವ." ಅದು ನನಗೂ ಗೊತ್ತಿತ್ತು. ಕಿಟಕಿಯಿಂದ ಅವನು ಎರಡೂ ಕೈ ಚಾಚಿ ಕಿರುಚುತ್ತಿದ್ದ. ಅವನ ಪಕ್ಕದಲ್ಲೇ ಚಂದನ್ ಹಲ್ಲು ಬಿಟ್ಟು ನಗುತ್ತಿದ್ದ. ಇಬ್ಬರಿಗೂ ಒಂದೇ ಸಲ ಕೈ ಬೀಸಿದೆ.

ಈಗ ನಾನು ಊರಲ್ಲಿದ್ದೇನೆ, ನೀವು ರಾಮನಗರದಲ್ಲಿ. ನಾನು ಮಲಗುತ್ತಿದ್ದ ಜಾಗದಲ್ಲಿ ಈಗ ಹುಳುವಿನ ತಟ್ಟೆಗಳಿವೆ. ನಿಮ್ಮಮ್ಮ ಸವಿತಾ ಪಡಸಾಲೆಯಲ್ಲಿ ಹೊಸ ಚಾಪೆ ಹಾಸಿಕೊಟ್ಟಳು. ಊಟಕ್ಕೆ ಕೂತರೆ, "ಇನ್ನೊಸಿ ಹಾಕ್ಲಾ ಅತ್ತೆ?" ಅಂತ ನೆಂಟರನ್ನು ಕೇಳಿದ ಹಾಗೆ ಕೇಳುತ್ತಾಳೆ. ನಾನು ಹಾಕು ಅನ್ನುತ್ತೇನೆ. ಹಾಗೆ ಅನ್ನಬೇಕೆಂದು ಮನಸ್ಸು ಮಾಡಿದ್ದೇನೆ. ನಿನ್ನೆ ಫೋನಿನಲ್ಲಿ ಚಿಕ್ಕವನ ಅಳು ಕೇಳಿಸಿತು. ಅದರ ಹಿಂದೆ ನಿಮ್ಮಿಬ್ಬರ ನಗು ಕೇಳಿಸಿತು. ಯಾವುದಕ್ಕೆ ಕಿವಿ ಕೊಡಬೇಕೋ ತಿಳಿಯಲಿಲ್ಲ.

ಚಂದನ್, ನಾನು ಯಾರ ಅಜ್ಜಿ ಅಂತ ನೀನು ಕೇಳಿದ್ದಕ್ಕೆ ನನ್ನಲ್ಲಿ ಉತ್ತರ ಇಷ್ಟೇ. ರಜ ಮುಗಿದ ಮೇಲೆ ಮಾವ ನಿಮ್ಮನ್ನು ವಾಪಸ್ ಕರೆತರುತ್ತಾನೆ. ನಾನು ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿರುತ್ತೇನೆ. ನಿಮ್ಮನ್ನು ನೋಡಬೇಕು ಅಂತ ದಾರಿ ಕಾಯುತ್ತಿರುತ್ತೇನೆ. ಆದರೆ ನೀವು ಆ ಗಾಡಿಯಿಂದ ಇಳಿದರೆ ಮಾತ್ರ ನಾನು ಹತ್ತಬಹುದು.