ಹಡಗು ಹತ್ತಿಸುವ ಜಲಜಕ್ಕ

ವಿಲೆ ಪಾರ್ಲೆಯ ನಮ್ಮ ಬಿಲ್ಡಿಂಗಿನಲ್ಲಿ ಯಾರಾದರೂ ಸಂಸಾರ ಸಮೇತ ಕ್ರೂಸ್‌ಗೆ ಹೊರಟರೆ ಮೊದಲು ಜಲಜಕ್ಕನ ಅಪ್ಪಣೆಯಾಗಬೇಕು. ಅವರು ಹಡಗು ಹತ್ತಿದ್ದು ಒಂದೇ ಸಲ, ಅದೂ ಗೋವಾದವರೆಗೆ. ಮಾತು ಕೇಳಿದರೆ ಮಾತ್ರ ಸಮುದ್ರವನ್ನು ತವರಿನಿಂದ ಬಳುವಳಿಯಾಗಿ ತಂದವರ ಹಾಗೆ. "ರೂಮು ಹಡಗಿನ ನಡುವಿನಲ್ಲೇ ಹಿಡೀರಿ, ತುದಿಯಲ್ಲಿ ಹಿಡಿದ್ರೆ ತಿಂದದ್ದೆಲ್ಲ ಸಮುದ್ರಕ್ಕೆ" ಎಂದು ಲಿಫ್ಟಿನಲ್ಲಿ ಶುರುಮಾಡಿದರೆ, "ಮಕ್ಕಳ ಈಜುವ ಬಟ್ಟೆ ಕೈಚೀಲದಲ್ಲಿರಲಿ, ದೊಡ್ಡ ಬ್ಯಾಗು ರೂಮಿಗೆ ಬರುವಾಗ ಸಂಜೆಯಾಗ್ತದೆ" ಎನ್ನುತ್ತ ಗೇಟಿನವರೆಗೂ ಬಿಡುವುದಿಲ್ಲ. "ದೀಪಾವಳಿ ಟ್ರಿಪ್ಪನ್ನು ಮಳೆಗಾಲದಲ್ಲೇ ಬುಕ್ ಮಾಡಿ. ತಡವಾದ್ರೆ ಒಟ್ಟಿಗೆ ರೂಮು ಸಿಗುವುದಿಲ್ಲ, ಅತ್ತೆ ಒಂದು ಮಾಳಿಗೆ, ಸೊಸೆ ಒಂದು ಮಾಳಿಗೆ. ಕೆಲವರಿಗೆ ಅದೇ ಒಳ್ಳೇದು, ಆ ಮಾತು ಬೇರೆ." ಅವರ ಒಂದು ಸಲಹೆ ಮಾತ್ರ ಯಾರಿಗೂ ರುಚಿಸದು: ಹಡಗಿನ ವೈಫೈ ತೆಗೆದುಕೊಳ್ಳಬಾರದು. ಮೊನ್ನೆ ಕೆಳಗಿನ ಮನೆಯ ನಿಶ್ಮಿತಾ ತನ್ನ ಹಿಂದಿ ಬೆರೆತ ಕನ್ನಡದಲ್ಲಿ, "ಆಂಟಿ, ವೈಫೈ ಇಲ್ದೆ ಟೈಮ್‌ಪಾಸ್ ಕೈಸೆ?" ಎಂದು ಕೇಳಿಯೇಬಿಟ್ಟಳು. ಜಲಜಕ್ಕ ಎಂದೂ ಇಲ್ಲದ ಹಾಗೆ ದನಿ ತಗ್ಗಿಸಿದರು. "ಬೈಕುಲ್ಲಾದ ನಮ್ಮ ಹೋಟೆಲಿನಲ್ಲಿ ಯಾವ ಗಿರಾಕಿಯ ಚಾಕ್ಕೆ ಸಕ್ಕರೆ ಎಷ್ಟು ಅಂತ ನಮ್ಮ ಯಜಮಾನರಿಗೆ ಬಾಯಿಪಾಠ ಮಾರಾಯ್ತಿ. ವೈಫೈ ಇಲ್ಲದ್ದಕ್ಕೆ ಹಡಗಿನಿಂದ ಹೋಟೆಲಿಗೆ ಫೋನೇ ಹೋಗಲಿಲ್ಲ. ಇಡೀ ದಿನ ಚಡಪಡಿಸಿದ್ರು. ಮರುದಿನ ಬೆಳಿಗ್ಗೆ ಎರಡು ಕಪ್ ಚಾ ಹಿಡ್ಕೊಂಡು ಬಂದು, 'ನಿನಗೆ ಸಕ್ಕರೆ ಎಷ್ಟು?' ಅಂತ ಕೇಳಿದ್ರು. ಮದುವೆಯಾದ ಮೇಲೆ ಮೊದಲ ಸಲ." "ನೀವು ಎಷ್ಟು ಬೋಲಿದ್ರಿ?" ಎಂದಳು ನಿಶ್ಮಿತಾ. "ಹೇಳ್ಲಿಕ್ಕೆ ಎಲ್ಲಿ ಬಾಯಿ ಬಂತು? ಸಪ್ಪೆಯನ್ನೇ ಕುಡಿದೆ."