ಶೇಖವ್ವನನ್ನು ಕಾಣದ ಕಣ್ಣು

ಇಳಕಲ್ಲಿನಲ್ಲಿ ಶೇಖವ್ವನಷ್ಟು ಅಲುಗಾಡದೆ ಕೂರಬಲ್ಲವರು ಇನ್ನೊಬ್ಬರಿಲ್ಲ. ಬಾದಾಮಿಯ ಗುಹೆಯಲ್ಲಿ ಕೂತ ವಿಷ್ಣು ಬೇಸತ್ತು ಒಮ್ಮೆ ಮಗ್ಗುಲು ಬದಲಿಸಿಯಾನು, ಶೇಖವ್ವ ಬದಲಿಸಳು. ಗುಬ್ಬಿಯೊಂದು ಆಕೆಯ ತಲೆಯ ಮೇಲಿಳಿದು, ಗೂಡಿಗೆ ಜಾಗ ಸಾಕಾದೀತೇ ಎಂದು ಅಳೆದು ನೋಡಿ ಹೋಯಿತಂತೆ. ಹೇಳಿದವಳು ಪಕ್ಕದ ಮಗ್ಗದ ರಂಗವ್ವ, ಆದ್ದರಿಂದ ಅರ್ಧ ನಂಬಿದರೆ ಸಾಕು.

ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವುದು ಶೇಖವ್ವನ ಕೆಲಸ. ಕುಣಿಮಗ್ಗದಲ್ಲಿ ಕಾಲಿಳಿಸಿ ನೇಯುತ್ತಿದ್ದವನು ಗಂಡ ಗೋವಿಂದಪ್ಪ. ಅವನು ತೀರಿಕೊಂಡ ಮೇಲೂ ಆಕೆ ನೇಕಾರರ ಸಂಘದಲ್ಲಿ ಅವನ ಮಗ್ಗವಿದ್ದ ಕಿಟಕಿಯಿಲ್ಲದ ಕೋಣೆಗೆ ದಿನಾ ಬಂದು, ಅವನ ಕುಣಿಯ ಅಂಚಿಗೆ ಕೂರುತ್ತಿದ್ದಳು.

ಅಷ್ಟರಲ್ಲಿ ಸಂಘಕ್ಕೆ ಕರೆಂಟು ಉಳಿಸುವ ಹುಕಿ ಬಂತು. ಬಾಗಲಕೋಟೆಯಿಂದ ಶ್ರೀಧರನೆಂಬ ಎಂಜಿನಿಯರು ಬಂದು ಪ್ರತಿ ಕೋಣೆಯ ಸೂರಿಗೂ ಸೆನ್ಸರೆಂಬ ಬಿಳಿ ಕಣ್ಣು ಕೂರಿಸಿದ. ಮನುಷ್ಯ ಅಲುಗಿದರೆ ದೀಪ, ಅಲುಗದಿದ್ದರೆ ಕತ್ತಲು. ರಂಗವ್ವ ಬಾಗಿಲಲ್ಲಿ ನಿಂತು ಆರತಿ ಎತ್ತಿದಂತೆ ಕೈಯಾಡಿಸಿ ದೀಪ ಹತ್ತಿಸಿ ಹೋಗುವಳು. ತುಸು ಹೊತ್ತಿಗೆ ಅದು ಆರುವುದು. ಶೇಖವ್ವ ದೂರಲಿಲ್ಲ. ಕತ್ತಲಲ್ಲಿ ಯಾರೂ ತನ್ನ ಮುಖ ನೋಡುವುದಿಲ್ಲ ಎಂಬುದೇ ಆಕೆಗೆ ಸಮಾಧಾನ.

ಮಳೆಗಾಲ ಮುಗಿಯುವ ಹೊತ್ತಿಗೆ ಕಣ್ಣು ಚಾಡಿ ಹೇಳಿತು: ಈ ಕೋಣೆ ಸದಾ ಖಾಲಿ. ಹಾಗಾದರೆ ಬೀಗ ಜಡಿಯಿರಿ ಎಂದಿತು ಸಂಘ.

ಬೀಗ ಹಾಕಿಸಲು ಬಂದ ಶ್ರೀಧರನ ಎದುರು ರಂಗವ್ವ ಸೆರಗು ಬಿಗಿದು ರಣರಂಗಕ್ಕಿಳಿದಳು.

"ಖಾಲಿ ಅಂತ, ಖಾಲಿ! ಕುಡ್ಡ ಐತೇನೋ ನಿನ್ನ ಮಷೀನು? ಜೀವಂತ ಹೆಣ್ಮಗಳು ಕುಂತಾಳಲ್ಲೋ!"

"ಯಕ್ಕಾ, ನೀವು ಹಂಗ ಅಲುಗಾಡದ ಕುಂತ್ರ ನಿಮ್ಮನ್ನೂ ಅದು ಲೆಕ್ಕಕ್ಕ ಹಿಡಿಯೂದಿಲ್ಲ," ಎಂದ ಶ್ರೀಧರ.

"ನಾ ಸುಮ್ಮನ ಕುಂತಿದ್ದು ಹುಟ್ಟಿದಾಗಿಂದ ಯಾರ ನೋಡ್ಯಾರ? ಆಕೀದು ತಪಸ್ಸಪಾ! ಕೈ ಅಲುಗಿದ್ರ ಎಳಿ ಜಾರತೈತಿ, ಸೆರಗು ಹೋಗತೈತಿ!"

ಶ್ರೀಧರ ಮೆತ್ತಗಾದ. ಅಲ್ಲಿ ಕೆಲಸ ನಡೆಯುತ್ತಿದೆ ಎಂದು ಶೇಖವ್ವ ಒಂದು ಮಾತು ಹೇಳಿದರೆ ಸಾಕು, ವರದಿ ತಿದ್ದಿಸಿ ಕೋಣೆ ಉಳಿಸುವುದಾಗಿ ಒಪ್ಪಿದ. ಒಳಗೆ ಹೋಗಿ ಆಕೆಯ ಮುಂದೆ ಮೊಣಕಾಲೂರಿದ. ಅವನ ಬೆನ್ನ ಹಿಂದೆ ರಂಗವ್ವ, "ಹೂಂ ಅನ್ನು" ಎಂದು ಕಣ್ಣಲ್ಲೇ ಗದರಿಸುತ್ತಿದ್ದಳು.

"ಆಯೀ, ದಿನಾ ಇಲ್ಲಿ ಕೊಂಡಿ ಹಾಕ್ತೀರಿ, ಹೌದಲ್ರಿ?"

ಗಂಡನ ಕಾಲು ತಾಗಿ ತಾಗಿ ನುಣುಪಾದ ಕುಣಿಯ ಅಂಚನ್ನು ಶೇಖವ್ವ ಒಮ್ಮೆ ಸವರಿದಳು.

"ಇಲ್ಲಪಾ. ಅವ್ರು ಹೋದಮ್ಯಾಲ ಒಂದು ಕೊಂಡೀನೂ ಹಾಕಿಲ್ಲ. ಮನ್ಯಾಗ ಪವರ್‌ಲೂಮಿನ ಗದ್ದಲ, ಇಲ್ಲಿ ಸುಮ್ಮನ ಕುಂದರಾಕ ಬರ್ತೇನಿ. ಬೀಗ ಹಾಕ್ಕೋರಿ."